ಶೆಟ್ಟರ ಅಂಗಡಿಗೆ ಲೇಬಲ್ಲು

ಗೊಂಬೆ ಹಬ್ಬದಲ್ಲಿ ಪಟ್ಟದ ಗೊಂಬೆಗಳನ್ನು ಬಿಟ್ಟರೆ ಖಾಯಂ ಜಾಗ ಇರುವುದು ಶೆಟ್ಟಿ-ಶೆಟ್ಟಮ್ಮನಿಗೆ. ದಶಾವತಾರದ ಸೆಟ್ಟು ಒಂದು ವರ್ಷ ಮೆಟ್ಟಿಲೇರುತ್ತದೆ, ಇನ್ನೊಂದು ವರ್ಷ ಟ್ರಂಕಿನಲ್ಲೇ ಉಳಿಯುತ್ತದೆ. ಮದುವೆ ಸೆಟ್ಟು, ಕ್ರಿಕೆಟ್ ಸೆಟ್ಟು ಬರುತ್ತವೆ, ಹೋಗುತ್ತವೆ. ಶೆಟ್ಟರು ಮಾತ್ರ ಕೆಳಗಿನ ಸಾಲಿನಲ್ಲಿ ಹೊಟ್ಟೆ ಬಿಟ್ಟುಕೊಂಡು ಕೂತೇ ಇರುತ್ತಾರೆ. ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ತೊಗರಿಬೇಳೆ, ಹುರಿಗಡಲೆ, ಬೆಲ್ಲ, ಒಣಮೆಣಸಿನಕಾಯಿ. ಅಂಗಡಿ ಅಂದರೆ ಅಷ್ಟೇ. ಹಿಂದೆ ಗೋಡೆ ಇಲ್ಲ, ಕಪಾಟಿಲ್ಲ, ಗಲ್ಲಾಪೆಟ್ಟಿಗೆಯೂ ಇಲ್ಲ.

ನಮ್ಮನೆ ಶೆಟ್ಟರಿಗೆ ಒಂದು ಪೂರ್ತಿ ಅಂಗಡಿ ಮಾಡಿಕೊಡೋಣ ಅಂತ ಹೊರಟೆ. ಕಪಾಟು ಸುಲಭದ ಕೆಲಸ. ರಟ್ಟು, ಐಸ್‌ಕ್ರೀಮ್ ಕಡ್ಡಿ, ಫೆವಿಕಾಲ್ ಇದ್ದರೆ ಸಾಕು. ದುಂಡನೆ ಡಬ್ಬಗಳಿಗೆ ಚನ್ನಪಟ್ಟಣದ ಹಳೇ ಅಡುಗೆ ಸೆಟ್ಟಿನ ಅಳಿದುಳಿದ ತುಂಡುಗಳಿದ್ದವು. ಚೌಕದ ಡಬ್ಬಗಳನ್ನು ರಟ್ಟಿನಲ್ಲೇ ಮಡಚಿದೆ. ಎಲ್ಲ ಜೋಡಿಸಿಟ್ಟ ಮೇಲೂ ಅಲ್ಲಿ ಇದ್ದಿದ್ದು ಮರದ ತುಂಡು, ರಟ್ಟಿನ ತುಂಡು ಅಷ್ಟೇ. ಲೇಬಲ್ ಅಂಟಿದ ಮೇಲೇ ಒಂದೊಂದು ತುಂಡೂ ಒಂದೊಂದು ಸಾಮಾನಾಗುವುದು. ಪುಟಾಣಿ ಸಾಮಾನು ಮಾಡುವವರೆಲ್ಲ ಲೇಬಲ್ ಅಂದರೆ ಯಾಕೆ ಇಷ್ಟು ಪ್ರಾಣ ಬಿಡುತ್ತಾರೆ ಅಂತ ಆಗ ಗೊತ್ತಾಯಿತು.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಪ್ರಿಂಟ್ ತೆಗೆದುಕೊಳ್ಳುವಂಥ ವಿಂಟೇಜ್ ಲೇಬಲ್‌ಗಳು ರಾಶಿ ರಾಶಿ ಸಿಗುತ್ತವೆ, ಅದೂ ಪುಕ್ಕಟೆ. ಪ್ಯಾರಿಸ್ಸಿನ ಸೆಂಟು, ಅಮೆರಿಕದ ಬೇಕಿಂಗ್ ಪೌಡರ್, ಇಂಗ್ಲೆಂಡಿನ ಸಾಸಿವೆ. ನಮ್ಮ ಶೆಟ್ಟರಿಗೆ ಇವು ಯಾವುದೂ ಬೇಡ, ಬಿಡಿ. ಆದರೂ ಅಂದಾಜು ಸಿಗಲಿ ಅಂತ ಒಂದಷ್ಟು ಇಳಿಸಿಕೊಂಡು ಫೋನಿನಲ್ಲೇ ದೊಡ್ಡಮ್ಮನಿಗೆ ತೋರಿಸಿದೆ. ದೊಡ್ಡಮ್ಮನ ಅತ್ತೆ ಮನೆಯವರದು ತಿಪಟೂರಿನಲ್ಲಿ ದಿನಸಿ ಅಂಗಡಿ ಇತ್ತು. ಮದುವೆಯಾಗಿ ಹೋದ ಹೊಸದರಲ್ಲಿ ಮಧ್ಯಾಹ್ನದ ಹೊತ್ತು ಗಲ್ಲಾಪೆಟ್ಟಿಗೆ ಮುಂದೆ ಅವರೂ ಕೂತಿದ್ದವರೇ. ಕನ್ನಡಕ ಏರಿಸಿ, ಚಿತ್ರಗಳನ್ನು ಹಿಗ್ಗಿಸಿ ನೋಡಿ, "ಇದೇನೇ, ಎಲ್ಲಾ ಡಬ್ಬಾನೂ ಹೀಗೆ ಕೊಳೆ ಹಿಡಿದಿದೆ? ಇಂಥ ಅಂಗಡಿಗೆ ಯಾರು ಬರ್ತಿದ್ರು?" ಅಂದರು.

ಸರಿ ಅಲ್ವಾ? ನಾವು ವಿಂಟೇಜ್ ಅನ್ನುವುದು ಇವತ್ತು ಅದು ಹೇಗೆ ಕಾಣುತ್ತದೋ ಅದನ್ನು. ಅಟ್ಟದ ಮೇಲೆ ಸಿಕ್ಕ ಡಬ್ಬದ ಬಣ್ಣ, ಮೂಲೆ ಹರಿದ ಕಾಗದ, ಟೀ ಚೆಲ್ಲಿದಂಥ ಕಲೆ. ಆದರೆ ಗೊಂಬೆ ಅಂಗಡಿಯೊಳಗೆ ಶೆಟ್ಟರಿಗೆ ಅದು ಇವತ್ತಿನ ವ್ಯಾಪಾರ. ನಿನ್ನೆ ಬಂದ ಮಾಲು ಇವತ್ತು ಕಪಾಟಿನಲ್ಲಿದೆ. ಕಾಗದ ಗರಿಗರಿಯಾಗಿದೆ. ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಹೊಡೆಯಲಿ ಅಂತಲೇ ಆ ಬಣ್ಣ ಹಾಕಿದ್ದು. ಹಳೇ ಕಾಲದ ಅಂಗಡಿ ಮಾಡುವುದು ಬೇರೆ, ಹಳೇದಾಗಿ ಹೋದ ಅಂಗಡಿ ಮಾಡುವುದು ಬೇರೆ. ನನಗೆ ಬೇಕಾಗಿದ್ದು ಮೊದಲನೆಯದು.

ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ ರಾಣಿ ಮೇರಿಯ ಗೊಂಬೆ ಮನೆ ಇದೆ. ಎಡ್ವಿನ್ ಲಟ್ಯೆನ್ಸ್, ಅದೇ ನಮ್ಮ ನವದೆಹಲಿಯ ಲಟ್ಯೆನ್ಸ್, ಅದರ ನಕ್ಷೆ ಹಾಕಿದ್ದು. 1924ರಲ್ಲಿ ವೆಂಬ್ಲಿಯ ವಸ್ತುಪ್ರದರ್ಶನದಲ್ಲಿ ಅದನ್ನು ಜನರಿಗೆ ತೋರಿಸಿದರು. ಒಂದು ಅಡಿಗೆ ಒಂದು ಇಂಚು, ಅಂದರೆ ಹನ್ನೆರಡರಲ್ಲಿ ಒಂದು ಪಾಲಿನ ಅಳತೆ. ಅದರ ನೆಲಮಾಳಿಗೆಯಲ್ಲಿ ಪುಟಾಣಿ ಬಾಟಲಿಗಳಿವೆ. ಒಳಗೆ ನಿಜವಾದ ವೈನ್, ಮೇಲೆ ಅದಕ್ಕೆ ತಕ್ಕ ಲೇಬಲ್. ಅವನ್ನು ಮಾಡಿದವರು ಯಾರೂ ಹಳೇ ಕಾಲದ ಥರ ಕಾಣಲಿ ಅಂತ ಮಾಡಲಿಲ್ಲ. ಆವತ್ತಿನ ಸಾಮಾನನ್ನು ಆವತ್ತಿನ ಹಾಗೇ ಚಿಕ್ಕದು ಮಾಡಿದರು. ನೂರು ವರ್ಷ ಆಯಿತು, ತಾನಾಗಿಯೇ ವಿಂಟೇಜ್ ಆಯಿತು. ಕಾಗದ ಹಳೇದಾಗಿ ಕಾಣಲಿ ಅಂತ ಟೀ ಡಿಕಾಕ್ಷನ್ ಯಾರೂ ಸುರಿಯಲಿಲ್ಲ.

ಅಷ್ಟಕ್ಕೂ ಹಳೇದು ಮಾಡಲೇಬೇಕು ಅನ್ನುವವರು ಡಿಕಾಕ್ಷನ್ ಯಾಕೆ ಸುರಿಯುತ್ತಾರೋ! ಕಾಗದ ಕಂದಾಗುವುದು ಅದರಲ್ಲಿರುವ ಲಿಗ್ನಿನ್ ಅನ್ನುವ ಮರದ ಅಂಶ ಬೆಳಕು, ಗಾಳಿಗೆ ಮಾಗಿ. ಅದಕ್ಕೆ ವರ್ಷಗಟ್ಟಲೆ ಬೇಕು. ನಡೆಯುತ್ತಿರುವ ಅಂಗಡಿಯಲ್ಲಿ ಅಷ್ಟು ದಿನ ಯಾವ ಮಾಲೂ ನಿಲ್ಲುವುದಿಲ್ಲ. ಬಿಸಿಲಿಗೆ ಬಿದ್ದ ಪೋಸ್ಟರ್ ನೋಡಿ. ಮೊದಲು ಹೋಗುವುದು ಕೆಂಪು, ಹಳದಿ. ಉಳಿಯುವುದು ನೀಲಿ. ಹಾಗಾಗಿ ಬಾಗಿಲ ಕಡೆಗಿರುವ ಒಂದೆರಡು ಲೇಬಲ್ಲನ್ನು ಸ್ವಲ್ಪ ನೀಲಿಗೆ ತಿರುಗಿಸಿದರೆ ಸಾಕು, ಅಂಗಡಿಗೆ ಯಾವ ಕಡೆಯಿಂದ ಬಿಸಿಲು ಬರುತ್ತದೆ ಅಂತ ನೋಡಿದವರಿಗೆ ಗೊತ್ತಾಗುತ್ತದೆ.

ಲೇಬಲ್ ಕೆಲಸಕ್ಕೆ ಕೂರುವ ಮುಂಚೆ ದೊಡ್ಡಮ್ಮನನ್ನು ಕೂರಿಸಿಕೊಂಡು ಕಪಾಟಿನ ಪಟ್ಟಿ ಮಾಡಿಕೊಂಡೆ. ಆಗ ಗೊತ್ತಾಗಿದ್ದು, ದಿನಸಿ ಅಂಗಡಿಯಲ್ಲಿ ಲೇಬಲ್ ಇದ್ದ ಸಾಮಾನೇ ಕಮ್ಮಿ. ಅಕ್ಕಿ, ಬೇಳೆ, ರಾಗಿ ಎಲ್ಲ ಗೋಣಿಚೀಲದಲ್ಲಿ. ಚೀಲದ ಬಾಯಿ ಮಡಚಿ ಸುರುಳಿ ಮಾಡಿರುತ್ತಿದ್ದರು. ಎಣ್ಣೆ, ಸೀಮೆಎಣ್ಣೆ ಡಬ್ಬದಲ್ಲಿ. ಬೆಲ್ಲ ಅಚ್ಚಿನಲ್ಲಿ. ಪೆಪ್ಪರಮೆಂಟು ಗಾಜಿನ ಭರಣಿಯಲ್ಲಿ, ಅದಕ್ಕೇನು ಲೇಬಲ್ಲು, ಮಕ್ಕಳಿಗೆ ಕಂಡರೆ ಆಯಿತು. ತೂಗಿದ್ದನ್ನು ಪೇಪರಿನ ಪೊಟ್ಟಣದಲ್ಲಿ ಕಟ್ಟಿಕೊಡುವುದು. ಲೇಬಲ್ ಅಂತ ಇದ್ದಿದ್ದು ಬೆಂಕಿಪೆಟ್ಟಿಗೆ, ಸೋಪು, ಊದಿನಕಡ್ಡಿ, ಹಲ್ಲುಪುಡಿ, ಅಮೃತಾಂಜನ, ಬಿಸ್ಕೆಟ್ ಡಬ್ಬ, ಡಾಲ್ಡಾ. ಇಂಥ ಬಣ್ಣದ ಸಾಮಾನನ್ನು ಮುಖ ಹೊರಗೆ ಮಾಡಿ, ಬಾಗಿಲಿಗೆ ಎದುರಾಗುವ ಹಾಗೆ ಜೋಡಿಸುತ್ತಿದ್ದರಂತೆ.

ಖಾಲಿ ಡಬ್ಬ ಬಿಸಾಡುವ ಕಾಲವಲ್ಲ ಅದು. ಬಿಸ್ಕೆಟ್ ಡಬ್ಬದಲ್ಲಿ ಏಲಕ್ಕಿ, ಲವಂಗ. ಡಾಲ್ಡಾ ಡಬ್ಬದಲ್ಲಿ ಸಾಸಿವೆ. ಡಾಲ್ಡಾ ಬಂದಿದ್ದು 1937ರಲ್ಲಿ. ಆಮೇಲೆ ಅದರ ತಾಳೆಮರದ ಡಬ್ಬ ಇಲ್ಲದ ಮನೆ ಎಲ್ಲಿತ್ತು? ಹಾಗಾಗಿ ನಮ್ಮ ಶೆಟ್ಟರ ಕಪಾಟಿನ ಅರ್ಧ ಡಬ್ಬಗಳ ಮೇಲೆ ಒಂದು ಹೆಸರಿದೆ, ಒಳಗೆ ಇನ್ನೊಂದು ಸಾಮಾನಿದೆ. ಒಳಗಿರುವುದು ಏನು ಅಂತ ಹೇಳಲು ಮೇಲೊಂದು ಕೈಬರಹದ ಚೀಟಿ. ಈ ಚೀಟಿಗಳನ್ನು ಪ್ರಿಂಟ್ ಮಾಡಲಿಲ್ಲ. ತುದಿ ತೀರಾ ಸಣ್ಣಗಿರುವ ಡ್ರಾಯಿಂಗ್ ಪೆನ್ನಿನಲ್ಲಿ ಕೈಯಲ್ಲೇ ಬರೆದೆ. ಇಡೀ ಅಂಗಡಿಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಈ ಚೀಟಿಗಳೇ.

ಈಗ ಅಳತೆ. ಹೊರದೇಶದ ಗೊಂಬೆ ಮನೆಗಳು ಬಹುಪಾಲು ಆ ಹನ್ನೆರಡರಲ್ಲಿ ಒಂದು ಪಾಲಿನ ಲೆಕ್ಕದಲ್ಲಿರುತ್ತವೆ. ಇಂಟರ್ನೆಟ್ಟಿನ ಹಾಳೆಗಳೂ ಅದೇ ಲೆಕ್ಕದವು. ಅದನ್ನು ಹಾಗೇ ತಂದು ನಮ್ಮ ಶೆಟ್ಟರ ಹಿಂದೆ ಇಟ್ಟರೆ ಬೆಂಕಿಪೆಟ್ಟಿಗೆ ಸಾಸಿವೆ ಕಾಳಿನ ಹಾಗೆ ಕಾಣುತ್ತದೆ. ಅಳತೆಯನ್ನು ಗೊಂಬೆಯಿಂದಲೇ ತೆಗೆಯಬೇಕು. ಚಕ್ಕಳಮಕ್ಕಳ ಹಾಕಿ ಕೂತ ಮನುಷ್ಯ ನೆಲದಿಂದ ನೆತ್ತಿಯವರೆಗೆ ಸುಮಾರು 85 ಸೆಂಟಿಮೀಟರ್. ನಮ್ಮ ಶೆಟ್ಟರು 14 ಸೆಂಟಿಮೀಟರ್. ಅಲ್ಲಿಗೆ ಆರರಲ್ಲಿ ಒಂದು ಪಾಲು. ಸೀಮೆಎಣ್ಣೆ ಡಬ್ಬ ಸುಮಾರು 35 ಸೆಂಟಿಮೀಟರ್ ಎತ್ತರ, 24 ಅಗಲ. ಆರರಿಂದ ಭಾಗಿಸಿದರೆ ಆರು ಸೆಂಟಿಮೀಟರಿಗೆ ಸ್ವಲ್ಪ ಕಮ್ಮಿ ಎತ್ತರ, ನಾಲ್ಕು ಸೆಂಟಿಮೀಟರ್ ಅಗಲ. ಐದು ಸೆಂಟಿಮೀಟರ್ ಉದ್ದದ ಬೆಂಕಿಪೆಟ್ಟಿಗೆ ಎಂಟು ಮಿಲಿಮೀಟರ್ ಆಗುತ್ತದೆ. ಎಂಟು ಮಿಲಿಮೀಟರಿನಲ್ಲಿ ಚಿತ್ರ ಬಿಡಿಸಬಹುದು. ನಾಲ್ಕರಲ್ಲಿ ನನ್ನ ಕೈಲಾಗುವುದಿಲ್ಲ.

ದುಂಡನೆ ಡಬ್ಬಕ್ಕೆ ಲೆಕ್ಕ ಸ್ವಲ್ಪ ಬೇರೆ. ಅಡ್ಡಳತೆಯನ್ನು 3.14ರಿಂದ ಗುಣಿಸಿ, ಒಂದರ ಮೇಲೊಂದು ಕೂರಲು ಎರಡು ಮಿಲಿಮೀಟರ್ ಸೇರಿಸಬೇಕು. ಎರಡು ಸೆಂಟಿಮೀಟರ್ ಡಬ್ಬಕ್ಕೆ 65 ಮಿಲಿಮೀಟರ್ ಪಟ್ಟಿ. ಲೆಕ್ಕ ಬೇಜಾರು ಅನ್ನುವವರು ಒಂದು ಕಾಗದದ ಪಟ್ಟಿ ಸುತ್ತಿ ಗುರುತು ಹಾಕಿಕೊಂಡರೂ ನಡೆಯುತ್ತದೆ. ಮರದ ತುಂಡು ನೋಡಲು ಒಂದೇ ಥರ ಇದ್ದರೂ ಕಡೆದ ಕೈಗೆ ತಕ್ಕಂತೆ ಕೂದಲೆಳೆ ಹೆಚ್ಚು ಕಮ್ಮಿ ಇರುತ್ತದೆ. ಹಾಗಾಗಿ ಸುತ್ತಿ ನೋಡುವುದೇ ವಾಸಿ.

ನಿಜವಾದ ತಲೆನೋವು ಅಕ್ಷರ. ಪ್ರಿಂಟರ್ ಇಂಚಿಗೆ 600 ಚುಕ್ಕೆ ಹಾಕುತ್ತದೆ ಅಂದರೆ ಒಂದು ಮಿಲಿಮೀಟರಿನಲ್ಲಿ 24 ಚುಕ್ಕೆ ಸಿಕ್ಕಿದ ಹಾಗೆ. ಡಬ್ಬದ ಮೇಲೆ ಒಂದು ಸೆಂಟಿಮೀಟರ್ ಎತ್ತರ ಇದ್ದ ಅಕ್ಷರ ನನ್ನ ಲೇಬಲ್ಲಿನಲ್ಲಿ ಒಂದೂವರೆ ಮಿಲಿಮೀಟರ್ ಚಿಲ್ಲರೆ. ಒಟ್ಟು ನಲವತ್ತು ಚುಕ್ಕೆ ಅಂದುಕೊಳ್ಳಿ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ನಲವತ್ತು ಚುಕ್ಕೆ ಧಾರಾಳ. ಕನ್ನಡಕ್ಕೆ ಹಾಗಲ್ಲ. ಮೇಲೆ ತಲೆಕಟ್ಟು ಅಥವಾ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ಮೂರು ಅಂತಸ್ತಿಗೆ ನಲವತ್ತು ಚುಕ್ಕೆ ಹಂಚಬೇಕು. "ಬತ್ತಿ" ಅಂತ ಬರೆದರೆ ತ-ಒತ್ತು ಮಸಿ ತುಂಬಿ ಒಂದು ಬೊಟ್ಟಾಗುತ್ತದೆ. ಮಹಾಪ್ರಾಣದ ಹೊಟ್ಟೆ ಸೀಳು ಮುಚ್ಚಿಹೋಗಿ "ಧೂಪ" ಹೋಗಿ "ದೂಪ" ಆಗುತ್ತದೆ. ಪ, ಷ, ಫ ಮೂರೂ ಅಣ್ಣತಮ್ಮಂದಿರಾಗುತ್ತವೆ.

ಇದಕ್ಕೆ ಎರಡು ದಾರಿ. ಒಂದು, ಫಾಂಟ್ ಆರಿಸುವಾಗ ದಪ್ಪ ನೋಡಬಾರದು, ಹೊಟ್ಟೆಯೊಳಗಿನ ಬಿಳಿ ಜಾಗ ನೋಡಬೇಕು. "ಬಾಲೂ ತಮ್ಮ" ಅನ್ನುವ ಫಾಂಟ್ ದೊಡ್ಡ ಹೆಸರಿಗೆ ಚೆನ್ನಾಗಿ ಕಾಣುತ್ತದೆ, ಹಳೇ ಬೋರ್ಡಿನ ದುಂಡು ಅದರಲ್ಲಿದೆ. ಚಿಕ್ಕ ಸಾಲಿಗೆ ನೋಟೊ ಸೆರಿಫ್ ಕನ್ನಡ. ಅಕ್ಷರಗಳ ನಡುವೆ ಜಾಗವನ್ನು ಸ್ವಲ್ಪ ಬಿಡಿಸಿದರೆ ಇನ್ನೂ ವಾಸಿ. ಎರಡನೆಯದು ನನಗೆ ಇಷ್ಟವಾದ ದಾರಿ: ಒತ್ತಿಲ್ಲದ ಹೆಸರನ್ನೇ ಇಟ್ಟುಬಿಡುವುದು. ಗಿಳಿ, ಮೊಲ, ನವಿಲು, ಕಮಲ. ಹಳೇ ವ್ಯಾಪಾರಿಗಳೂ ಬೇರೆ ಕಾರಣಕ್ಕೆ ಇದನ್ನೇ ಮಾಡಿದ್ದರು. ಓದು ಬಾರದವರೇ ಜಾಸ್ತಿ ಇದ್ದ ಕಾಲ, ಒಂದೇ ಮಾಲು ನಾಲ್ಕು ಭಾಷೆಯ ಊರುಗಳಿಗೆ ಹೋಗಬೇಕು. ಹಾಗಾಗಿ ಚಿತ್ರವೇ ಹೆಸರು. ಗಿರಾಕಿ ಬಂದು "ಆನೆ ಮಾರ್ಕಿಂದು ಕೊಡಿ" ಅಂದರೆ ಮುಗಿಯಿತು. 1920ರ ದಶಕದಲ್ಲಿ ಶಿವಕಾಶಿಯಲ್ಲಿ ಬೆಂಕಿಪೆಟ್ಟಿಗೆ ಕೆಲಸ ಶುರುವಾಯಿತು. ಅದಕ್ಕೆ ಲೇಬಲ್ ಬೇಕಾಯಿತು. ಲೇಬಲ್ಲಿಗಾಗಿ ಅಲ್ಲಿ ಮುದ್ರಣಾಲಯಗಳು ಬಂದವು. ಇವತ್ತಿನ ಕ್ಯಾಲೆಂಡರು, ಡೈರಿಗಳೆಲ್ಲ ಅದರ ಬೆನ್ನಿಗೆ ಬಂದವು.

ನಾನೂ ಮಾರ್ಕುಗಳನ್ನು ಹುಟ್ಟಿಸುತ್ತಾ ಕೂತೆ. ಗೋಂದಿಗೆ "ಉಡ ಮಾರ್ಕು". ಹಿಡಿದರೆ ಬಿಡಬಾರದು ನೋಡಿ. ಸೀಗೆಪುಡಿಗೆ "ಕರಡಿ ಮಾರ್ಕು", ತಲೆತುಂಬ ಕೂದಲು ಇರಲಿ ಅಂತ. ಜೋನಿ ಬೆಲ್ಲಕ್ಕೆ "ಇರುವೆ ಮಾರ್ಕು" ಅಂದಾಗ ಅಮ್ಮ ಬೇಡವೇ ಬೇಡ ಅಂದರು. ಇರುವೆ ಚಿತ್ರ ಇರುವ ಬೆಲ್ಲವನ್ನು ಯಾರು ಕೊಳ್ಳುತ್ತಾರೆ ಅಂತ ಅವರ ವಾದ. ಶೆಟ್ಟರಿಗೂ ನಷ್ಟ ಆಗಬಾರದಲ್ಲ, ಜೇನುಹುಳ ಮಾಡಿದೆ.

ಬಣ್ಣದ ವಿಷಯಕ್ಕೆ ಬರೋಣ. ಆಗಿನ ಬಣ್ಣದ ಲೇಬಲ್ಲುಗಳು ಹೆಚ್ಚಾಗಿ ಕಲ್ಲಚ್ಚಿನ ಕೆಲಸ. ನುಣುಪು ಕಲ್ಲಿನ ಮೇಲೆ ಎಣ್ಣೆಜಿಡ್ಡಿನ ಶಾಯಿಯಲ್ಲಿ ಚಿತ್ರ ಬರೆದು ಕಲ್ಲನ್ನು ಒದ್ದೆ ಮಾಡುತ್ತಾರೆ. ಮಸಿ ಹಚ್ಚಿದರೆ ಜಿಡ್ಡಿದ್ದ ಕಡೆ ಮಾತ್ರ ಹಿಡಿಯುತ್ತದೆ. ಮಂಗಳೂರಿನಲ್ಲಿ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ"ವನ್ನು ಅಚ್ಚು ಹಾಕಿಸಿದ್ದೂ ಕಲ್ಲಚ್ಚಿನಲ್ಲೇ. ಬಣ್ಣ ಬೇಕೆಂದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮನ ಮುದ್ರಣಾಲಯದ ದೇವರ ಪಟಗಳು ಹೀಗೇ ಆಗಿದ್ದು. ಪಟಕ್ಕಾದರೆ ಹತ್ತಾರು ಕಲ್ಲು ಹಾಕಿಯಾರು. ಕಾಸಿಗೊಂದು ಮಾರುವ ಸಾಮಾನಿನ ಲೇಬಲ್ಲಿಗೆ ಹೆಚ್ಚೆಂದರೆ ಮೂರು-ನಾಲ್ಕು ಬಣ್ಣ.

ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಲೇಬಲ್ಲಿಗೆ ನಾಲ್ಕೇ ಬಣ್ಣ: ಕೆಂಪು, ಹಸಿರು, ಹಳದಿ, ಗೆರೆಗೆ ಕಪ್ಪು. ಒಂದರಿಂದ ಇನ್ನೊಂದಕ್ಕೆ ನಯವಾಗಿ ಕರಗುವ ಬಣ್ಣ ಬೇಡ, ಅದು ಕಂಪ್ಯೂಟರಿನದು ಅಂತ ಥಟ್ಟನೆ ಗೊತ್ತಾಗುತ್ತದೆ. ನೆರಳು ಬೇಕಾದ ಕಡೆ ಚುಕ್ಕೆ ಇಡಿ. ಬಿಳಿ ಬಿಟ್ಟು ಕೆನೆ ಬಣ್ಣದ ಕಾಗದ ತೆಗೆದುಕೊಳ್ಳಿ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಒಂದೊಂದು ಬಣ್ಣವನ್ನೂ ಬೇರೆ ಬೇರೆ ಪದರದಲ್ಲಿಟ್ಟು, ಕೆಂಪಿನ ಪದರವನ್ನು ಒಂದು ಕಡೆಗೆ 0.15 ಮಿಲಿಮೀಟರ್ ಸರಿಸಿಬಿಡಿ. ಹಳೇ ಅಚ್ಚಿನಲ್ಲಿ ತುಟಿಯ ಕೆಂಪು ತುಟಿ ಬಿಟ್ಟು ಗದ್ದಕ್ಕೆ ಜಾರಿರುತ್ತದಲ್ಲ, ಅದೇ ಇದು. ಲೆಕ್ಕದ ಪ್ರಕಾರ ಸರಿಸಬೇಕಾದ್ದು ಇನ್ನೂ ಕಮ್ಮಿ. ಆದರೆ ಅಷ್ಟು ಸರಿಸಿದರೆ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಸುಳ್ಳು ಹೇಳಿದರೇ ನಿಜ ಕಾಣುವುದು.

ಇನ್ನು ಲೇಬಲ್ಲಿನ ಮೇಲೆ ಏನು ಬರೆಯುವುದು. ನಮ್ಮ ಅಂಗಡಿ 1950ರ ಆಸುಪಾಸಿನದು ಅಂತ ಇಟ್ಟುಕೊಂಡೆ. ಆಗ "100 ಗ್ರಾಂ" ಅಂತ ಬರೆಯುವ ಹಾಗಿಲ್ಲ. ಗ್ರಾಂ, ಕಿಲೋ ಬಂದಿದ್ದು 1958ರಿಂದ ಈಚೆಗೆ. ಅದಕ್ಕೆ ಮುಂಚೆ ಸೇರು, ಪಾವು, ತೊಲ, ಬಾಟಲಿ ಮೇಲಾದರೆ ಔನ್ಸು. ಬೆಲೆ ಆಣೆಯಲ್ಲಿ. ರೂಪಾಯಿಗೆ ನೂರು ಪೈಸೆ ಆಗಿದ್ದು 1957ರ ಏಪ್ರಿಲ್ 1ರಂದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ನಂತರದ ಲೇಬಲ್ಲು. "ಕರ್ನಾಟಕ" ಅಂತಿದ್ದರೆ 1973ರ ನವೆಂಬರ್ 1ರ ನಂತರದ್ದು. ಹಾಗಾಗಿ ನಮ್ಮ ಉಡ ಮಾರ್ಕು ಗೋಂದಿನ ಕೆಳಗೆ "ಮೈಸೂರು ರಾಜ್ಯ" ಅಂತಿದೆ. ಇದನ್ನು ಓದಲು ಭೂತಕನ್ನಡಿ ಬೇಕು. ಓದದಿದ್ದರೂ ಪರವಾಗಿಲ್ಲ, ತಪ್ಪು ಇಸವಿ ಇಟ್ಟುಕೊಂಡು ನನಗೆ ನಿದ್ದೆ ಬರುವುದಿಲ್ಲ.

ನಿಜವಾದ ಹೆಸರುಗಳನ್ನು ಪೂರ್ತಿ ಬಿಡಲಿಲ್ಲ. ಮೈಸೂರ್ ಸ್ಯಾಂಡಲ್ ಸೋಪ್ ಇಲ್ಲದೆ ಮೈಸೂರು ಸೀಮೆಯ ಅಂಗಡಿ ಹೇಗಾಗುತ್ತದೆ? ಮೊದಲ ಮಹಾಯುದ್ಧದಿಂದ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು. ಸಂಸ್ಥಾನದವರು ಇಲ್ಲೇ ಎಣ್ಣೆ ತೆಗೆಯಲು 1916ರಲ್ಲಿ ಶುರು ಮಾಡಿದರು. 1918ರಲ್ಲಿ ಬೆಂಗಳೂರಿನಿಂದ ಸೋಪು ಬಂತು. ಅದರ ಗುರುತು ಶರಭ, ಆನೆ ತಲೆ, ಸಿಂಹದ ಮೈ. ನನ್ನ ಸೋಪಿನ ಪೆಟ್ಟಿಗೆ ಮೇಲೆ ಆ ಶರಭಕ್ಕೆ ಸಿಗುವ ಜಾಗ ಮೂರು ಮಿಲಿಮೀಟರ್. ಪೂರ್ತಿ ಚಿತ್ರ ಕುಗ್ಗಿಸಿದರೆ ಜಿರಲೆ ಥರ ಆಗುತ್ತದೆ. ಸೊಂಡಿಲಿನ ಬಾಗು, ಬಾಲ, ನಾಲ್ಕು ಕಾಲು, ಇಷ್ಟೇ ಉಳಿಸಿಕೊಂಡು ಒಂದೇ ಬಣ್ಣದ ನೆರಳಿನ ಹಾಗೆ ಬಿಡಿಸಿದೆ. ನೋಡಿದವರೆಲ್ಲ ಅದನ್ನು ಗುರುತು ಹಿಡಿಯುತ್ತಾರೆ. ಕಣ್ಣಿಗೆ ಅಷ್ಟು ಅಭ್ಯಾಸವಾದದ್ದಕ್ಕೆ ವಿವರ ಬೇಕಾಗಿಲ್ಲ.

ಇಂಥವನ್ನು ಮನೆಯ ಗೊಂಬೆಗೆ ಮಾಡಿಕೊಳ್ಳುವುದು ಸರಿ. ಮಾರುವುದು ಬೇರೆ ಮಾತು. ಟ್ರೇಡ್‌ಮಾರ್ಕನ್ನು ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತಾ ಹೋದರೆ ಅದಕ್ಕೆ ಕೊನೆಯೇ ಇಲ್ಲ. ಚಿತ್ರದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಲೇಬಲ್ ಹಾಳೆ ಕೇಳಿದವರಿಗೆ ನಾನು ಉಡ, ಕರಡಿ, ಜೇನುಹುಳದ ಹಾಳೆ ಮಾತ್ರ ಕೊಡುತ್ತೇನೆ. ಶರಭದ್ದು ಕೊಡುವುದಿಲ್ಲ.

ಪ್ರಿಂಟ್ ತೆಗೆಸುವಾಗ ಎರಡು ಮಾತು. ಫೈಲನ್ನು ವಾಟ್ಸಾಪಿನಲ್ಲಿ ಫೋಟೋ ಮಾಡಿ ಕಳಿಸಬೇಡಿ, ಅದು ಹಿಂಡಿ ಹಿಪ್ಪೆಯಾಗಿ ಹೋಗುತ್ತದೆ. ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಅಂತ ಕಳಿಸಿ. ಹಾಳೆಯ ಮೂಲೆಯಲ್ಲಿ 50 ಮಿಲಿಮೀಟರಿನ ಒಂದು ಗೆರೆ ಹಾಕಿರಿ. ಪ್ರಿಂಟ್ ಬಂದ ಕೂಡಲೇ ಸ್ಕೇಲ್ ಇಟ್ಟು ನೋಡಿ. 48 ಬಂದಿದ್ದರೆ ಪ್ರಿಂಟರ್ ಹಾಳೆಗೆ ಹೊಂದಿಸಲು ಕುಗ್ಗಿಸಿದೆ ಅಂತ ಅರ್ಥ, ಆಕ್ಚುಯಲ್ ಸೈಜ್ ಅಂತ ಇಟ್ಟು ಇನ್ನೊಮ್ಮೆ ತೆಗೆಸಬೇಕು. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯ ಹುಡುಗ ಪಾಪ, "ಅಕ್ಕಾ, ದೊಡ್ಡದು ಮಾಡ್ಕೊಡ್ಲಾ? ಏನೂ ಕಾಣಲ್ಲ" ಅಂತ ಪ್ರತಿಸಲವೂ ಕೇಳುತ್ತಾನೆ.

ಲೇಸರ್ ಪ್ರಿಂಟಿನ ಬಣ್ಣ ನೀರಿಗೆ ಹರಡುವುದಿಲ್ಲ, ಆದರೆ ಮಡಚಿದ ಕಡೆ ಸಿಪ್ಪೆ ಏಳುತ್ತದೆ. ದುಂಡು ಡಬ್ಬಕ್ಕೆ ಅದೇ ಒಳ್ಳೆಯದು. ಮನೆಯ ಇಂಕ್‌ಜೆಟ್ ಪ್ರಿಂಟು ಮಡಿಕೆಗೆ ಚೆಂದ, ಆದರೆ ಫೆವಿಕಾಲಿನ ಒದ್ದೆ ತಾಗಿದರೆ ಬಣ್ಣ ಇಳಿಯುತ್ತದೆ. ಅದಕ್ಕೆ ಗ್ಲೂ ಸ್ಟಿಕ್ ವಾಸಿ. ಕತ್ತರಿ ಬೇಡ, ಉಕ್ಕಿನ ಸ್ಕೇಲ್ ಒತ್ತಿಹಿಡಿದು ಹೊಸ ಬ್ಲೇಡಿನಲ್ಲಿ ಎಳೆಯಿರಿ. ಕತ್ತರಿಸಿದ ಅಂಚಿನಲ್ಲಿ ಕಾಗದದ ಬಿಳಿ ಗೆರೆ ಕಾಣುತ್ತದೆ. ಎಂಟು ಮಿಲಿಮೀಟರಿನ ಪೆಟ್ಟಿಗೆಗೆ ಆ ಬಿಳಿ ಗೆರೆ ದೊಡ್ಡ ಹೊಡೆತ. ಅದೇ ಬಣ್ಣದ ಪೆನ್ಸಿಲನ್ನು ಅಂಚಿಗೆ ಒಂದು ಸಲ ಎಳೆದರೆ ಸಾಕು. ಇದೊಂದನ್ನು ಮಾಡದೆ ಬೇರೆ ಏನು ಮಾಡಿದರೂ ಪ್ರಯೋಜನ ಇಲ್ಲ.

ಈಗ ಅಂಗಡಿ ಹೆಚ್ಚು ಕಮ್ಮಿ ತುಂಬಿದೆ. ಉಳಿದಿರುವುದು ಬೀಡಿ. ದೊಡ್ಡಮ್ಮನ ಪ್ರಕಾರ ಬೀಡಿ ಕಟ್ಟು ಇಲ್ಲದ ದಿನಸಿ ಅಂಗಡಿ ಅಂಗಡಿಯೇ ಅಲ್ಲ, ಗಲ್ಲಾಪೆಟ್ಟಿಗೆ ಪಕ್ಕ ಕೈಗೆ ಎಟುಕುವಲ್ಲಿ ಇರಲೇಬೇಕು. ಅಮ್ಮನ ಪ್ರಕಾರ ದೇವರ ಗೊಂಬೆ ಕೂರಿಸಿದ ಕಡೆ ಬೀಡಿ ಇಡುವುದು ಅಂದರೆ ಏನರ್ಥ. "ಶೆಟ್ಟರು ಸೇದಲ್ಲ ಕಣೇ, ಬರೀ ಮಾರ್ತಾರೆ" ಅಂತ ದೊಡ್ಡಮ್ಮ. "ಮಾರಿದ್ರೂ ಅಷ್ಟೇ ಅಕ್ಕಾ" ಅಂತ ಅಮ್ಮ. ಅಕ್ಕತಂಗಿಯರ ಈ ಪಂಚಾಯ್ತಿ ಫೋನಿನಲ್ಲಿ ಇನ್ನೂ ನಡೆಯುತ್ತಿದೆ. ಹನ್ನೆರಡು ಮಿಲಿಮೀಟರ್ ಉದ್ದದ ಕಟ್ಟುಗಳು, ತೆಳು ಕಾಗದದ ಲೇಬಲ್ ಸುತ್ತಿ, ದಾರ ಕಟ್ಟಿ ರೆಡಿ ಇವೆ. ಸದ್ಯಕ್ಕೆ ಗಲ್ಲಾಪೆಟ್ಟಿಗೆ ಹಿಂದೆ ಅಡಗಿಸಿಟ್ಟಿದ್ದೇನೆ. ಅಮ್ಮನಿಗೆ ಹೇಳಿಲ್ಲ.